ಮೀನು ಸತ್ತ ಬಾವಿ

ನನ್ನ ಸಿಟ್ಟು ಕೆಟ್ಟದ್ದು. ಶಹಾಪುರದ ಹತ್ತಿರದ ನಮ್ಮೂರಿನಲ್ಲಿ ಈ ಲಿಂಗಣ್ಣನ, ಅಂದರೆ ನನ್ನ, ಬಾಯಿಗೆ ಹೆದರದವರಿಲ್ಲ. ಆ ಬಾಯಿಂದಲೇ ಒಬ್ಬನ ಅನ್ನಕ್ಕೆ ಕಲ್ಲು ಹಾಕಿದೆ.

ಅರ್ಧ ಊರು ಕುಡಿಯುವುದು ನಮ್ಮ ಹೊಲದ ಬಾವಿಯ ನೀರನ್ನೇ. ನೀರು ಸ್ವಚ್ಛವಾಗಿರಲಿ ಎಂದು ಅಪ್ಪ ಅದರಲ್ಲಿ ಮೀನು ಬಿಟ್ಟಿದ್ದ. ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವೆಲ್ಲ ಸತ್ತು ತೇಲಿದವು. ಭತ್ತಕ್ಕೆ ಕೀಟನಾಶಕ ಹೊಡೆಯುವ ಕೂಲಿ ರಾಮಲಿಂಗ ಹಿಂದಿನ ಸಂಜೆ ಬೆನ್ನಿಗೆ ಪಂಪು ಹಾಕಿಕೊಂಡು ಆ ಕಡೆ ಹೋಗಿದ್ದ. ನನಗೆ ಅಷ್ಟೇ ಸಾಕಾಯಿತು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ, ಹತ್ತು ಮಂದಿಯ ಎದುರು ಅವನನ್ನು ಹಿಡಿದೆ.

"ಪಂಪು ನಮ್ಮ ಬಾವ್ಯಾಗ ತೊಳದಿ ಏನಲೇ?"

"ಹನುಮಪ್ಪನ ಆಣಿರಿ, ತೊಳದಿಲ್ಲ. ನನ್ನ ಮಕ್ಕಳೂ ಅದ ನೀರು ಕುಡಿತಾವ."

"ಇನ್ನ ಮ್ಯಾಲ ನಿನ್ನ ಮನಿಯವರು ಬಾವಿ ಕಡಿ ಬರಬಾರ್ದು!"

ಅಂದಿನಿಂದ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವನ ಹೆಂಡತಿ ದುರ್ಗಾ ಎರಡು ಮೈಲಿ ನಡೆದು ಬೋರಿಂಗಿನ ನೀರು ತರತೊಡಗಿದಳು.

ಅಷ್ಟಕ್ಕೂ ಬಿಡದೆ, ವಿಷದ ರುಜುವಾತಿಗೆಂದು ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿ ಭೀಮರಾಯನಗುಡಿಯ ಕೃಷಿ ಕಾಲೇಜಿಗೆ ಒಯ್ದೆ. ಪರೀಕ್ಷೆ ಮಾಡಿದ ಚಂದ್ರಕಲಾ ಮೇಡಂ ನಕ್ಕರು.

"ವಿಷ ಇಲ್ರಿ, ಉಪ್ಪು ಅದ. ವರ್ಷಕ್ಕ ಎರಡು ಸಲ ಹೊಲದಾಗ ಕಾಲುವಿ ನೀರು ನಿಲ್ಲಿಸಿ ಭತ್ತ ಹಚ್ಚೀರಿ. ನೆಲದಾಗಿನ ಉಪ್ಪು ಮ್ಯಾಲ ಬಂದು ಬಾವಿಗಿ ಇಳದದ. ಉಪ್ಪು ನೀರಾಗ ಕಪ್ಪಿ ಉಳಿಯಂಗಿಲ್ಲ. ನಿಮ್ಮ ಬಾವ್ಯಾಗ ಒದರ್ತಾವೇನ್ರಿ?"

ಅಯ್ಯೋ ದೇವರೇ! ಎರಡು ವರ್ಷದಿಂದ ಕಪ್ಪೆಯ ದನಿಯೇ ಇಲ್ಲ. ಬದುವಿನ ಮೇಲೆ ಬೆಳ್ಳಗೆ ಉಪ್ಪು ಮೂಡಿದ್ದನ್ನು ಗೊಬ್ಬರ ಚೆಲ್ಲಿದೆ ಅಂದುಕೊಂಡಿದ್ದೆ. ನೀರು ಸವಳಾಗಿದ್ದು ನಾಲಿಗೆಗೆ ತಿಳಿದರೂ ಬೇಸಿಗೆಗೆ ಹಾಗೆಯೇ ಎಂದು ಸುಮ್ಮನಿದ್ದೆ. ಮೀನು ಕೊಂದವನು ನಾನೇ.

ನೆಟ್ಟಗೆ ರಾಮಲಿಂಗನ ಮನೆಗೆ ಹೋಗಿ ಎಲ್ಲ ಹೇಳಿದೆ. "ತಪ್ಪಾತಪ್ಪಾ" ಎಂದೆ.

"ಬೈದದ್ದು ಕಟ್ಟಿ ಮ್ಯಾಲ," ಎಂದ ಅವನು, ತಲೆ ಎತ್ತದೆ. "ಇದನ್ನೂ ಅಲ್ಲೇ ಹೇಳ್ರಿ."

ಹೇಳಿದೆ. ಅದೇ ಮಂದಿಯ ಎದುರು, ಮೀನು ಕೊಂದವನು ನಾನೇ ಎಂದೆ. ಮುಗಿದ ಮೇಲೆ ರಾಮಲಿಂಗ "ಬರ್ರಿ" ಎಂದು ಮನೆಗೆ ಕರೆದುಕೊಂಡು ಹೋದ.

ಮನೆಗೆ ಬಂದವರಿಗೆ ಕೊಡುವ ಹಾಗೆ ದುರ್ಗಾ ತಂಬಿಗೆ ತುಂಬ ನೀರು ಕೊಟ್ಟಳು. ಎರಡು ಮೈಲಿ ಹೊತ್ತು ತಂದ ನೀರು. ಎಷ್ಟು ಸಿಹಿ! ನಾಳೆಯಿಂದ ನಮ್ಮ ಬಾವಿಗೇ ಬರ್ರಿ ಎನ್ನಲು ಬಾಯಿ ತೆರೆದೆ. ಕರೆಯಲು ಕುಡಿಯುವ ನೀರಿನ ಬಾವಿಯಾದರೂ ಎಲ್ಲಿತ್ತು?

"ತಂಗಿ, ಬೋರಿಂಗಿಗೆ ಎಷ್ಟೊತ್ತಿಗೆ ಹೋಗ್ತಿ?" ಎಂದೆ. "ನಮ್ಮ ಮನಿಯಾಕಿನೂ ಬರಬೇಕಾಗ್ಯದ."

ದುರ್ಗಾ ಗಂಡನ ಮುಖ ನೋಡಿದಳು.

"ಪಾಳಿ ಭಾಳ ಇರ್ತದ್ರಿ, ಜಲ್ದಿ ಹೋಗಬೇಕು," ಎಂದಳು. "ಅಕ್ಕಾರಿಗೆ ಕೊಡ ತಗೊಂಡು ತಯಾರಿರು ಅನ್ರಿ. ಹೋಗೂ ಮುಂದ ನಾನೇ ಕೂಗ್ತೀನಿ."