ಮುಂದಿನ ಎಂಜಿನ್ನಿನ ಸದ್ದು

ತಿಮ್ಮರಾಯಪ್ಪಣ್ಣನಿಗೆ ಕಿವಿ ಕೇಳುವುದಿಲ್ಲ ಎಂಬುದು ರೈಲ್ವೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಡ್ರೈವರಾಗಿದ್ದ ಅವನು, ಇನ್ನೊಬ್ಬ ಅವನ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಪಳನಿಸ್ವಾಮಿ, ಅಂದರೆ ನಾನು.

ಒರಿಸ್ಸಾದ ಬೆಟ್ಟಗಳಲ್ಲಿ ಅದಿರು ಎಳೆಯುತ್ತಿದ್ದ ನಮ್ಮದು ಗ್ಯಾರಟ್ ಎಂಜಿನ್. ಅಯ್ಯೋ, ಅದೇನು ಸಾಮಾನ್ಯದ್ದೇ! ನಡುವೆ ಒಂದು ಬಾಯ್ಲರ್, ಮುಂದೆ ನೀರಿನ ತೊಟ್ಟಿಯ ಕೆಳಗೊಂದು ಎಂಜಿನ್, ಹಿಂದೆ ಕಲ್ಲಿದ್ದಲಿನ ಕೆಳಗೊಂದು ಎಂಜಿನ್. ಸಿಲಿಂಡರು, ಚಕ್ರ ಎಲ್ಲ ಬೇರೆ ಬೇರೆ. ತಿರುವಿನಲ್ಲಿ ಎರಡೂ ತಮ್ಮ ಪಾಡಿಗೆ ಬಳುಕುತ್ತಿದ್ದವು. ಆದರೆ ಹಬೆ ಬಿಡುವ ಹಿಡಿ ಎರಡಕ್ಕೂ ಒಂದೇ. ಏರು ಹತ್ತುತ್ತ ತೊಟ್ಟಿಯ ನೀರು ಖರ್ಚಾದಂತೆ ಮುಂದಿನದು ಹಗುರಾಗಿ, ಅದರ ಚಕ್ರ ಹಳಿಯ ಮೇಲೆ ಜಾರಿ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ಅಷ್ಟು ದೂರದ್ದು ಕಣ್ಣಿಗೆ ಕಾಣದು. ಹಬೆಯ ಸದ್ದಿನ ತಾಳ ತಪ್ಪಿದ್ದನ್ನು ಕೇಳಿಯೇ ಹಿಡಿಯಬೇಕು, ಕೂಡಲೇ ಹಬೆ ತಗ್ಗಿಸಿ, ಹಿಡಿತ ಸಿಗಲು ಹಳಿಗೆ ಮರಳು ಬಿಡಬೇಕು. ಅಣ್ಣನ ಬದಲಿಗೆ ನಾನು ಕೇಳಿಸಿಕೊಂಡು ಅವನ ಭುಜ ತಟ್ಟುತ್ತಿದ್ದೆ.

೧೯೬೬ರಲ್ಲಿ ಒಂದು ಬೆಳಿಗ್ಗೆ ಅಣ್ಣ ಶೆಡ್ಡಿನಲ್ಲಿ ಎಲ್ಲರೆದುರು ನನಗೆ, "ಬೆಂಕಿ ಆಕಾಕೆ ಬರಲ್ಲ, ಊರಿಗೋಗಿ ಕುರಿ ಕಾಯೋಗ್ಲಾ" ಅಂದುಬಿಟ್ಟ. ನನ್ನ ಮೈಯೆಲ್ಲ ಉರಿದುಹೋಯಿತು. ಅವತ್ತು ಏರಿನಲ್ಲಿ ಮುಂದಿನ ಎಂಜಿನ್ ಜಾರಿ ಅರಚತೊಡಗಿತು. ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ಒದ್ದಾಡಲಿ ಬಡ್ಡಿಮಗ ಎಂದು ಕೈ ಕಟ್ಟಿ ನಿಂತೆ. ಆ ಹುಚ್ಚು ವೇಗಕ್ಕೆ ಚಕ್ರಗಳನ್ನು ಕೂಡಿಸುವ ಕಬ್ಬಿಣದ ತೋಳು ಮುರಿದು ಹಾರಿತು. ಹಳಿ ಬಿಟ್ಟು ಪಕ್ಕಕ್ಕೆ ನಿಂತಿದ್ದ, ಹಳಿ ರಿಪೇರಿಯ ಗ್ಯಾಂಗ್‌ಮನ್ ಒಬ್ಬ ಅದು ಬಡಿದು ಅಲ್ಲೇ ಸತ್ತ. ವಿಚಾರಣೆಯಲ್ಲಿ ಅಣ್ಣನ ಕಿವುಡು ಬಯಲಾಗಿ ಕೆಲಸ ಹೋಯಿತು. ನಾನು ತುಟಿ ಬಿಚ್ಚಲಿಲ್ಲ. ಕೊನೆಗೆ ತನ್ನೂರು ನಲ್ಲಂಪಳ್ಳಿಗೆ ಬಂದು ಕುರಿ ಕಾದವನು ಅವನೇ.

ಮೊನ್ನೆ, ೧೯೯೪ರ ಪುರಟಾಸಿ ತಿಂಗಳಲ್ಲಿ, ಅಣ್ಣ ಹಾಸಿಗೆ ಹಿಡಿದಿದ್ದಾನೆಂದು ಅವನ ಹೆಂಡತಿ ಮುನಿಶಾಮಮ್ಮ ಹೇಳಿ ಕಳಿಸಿದಳು. ನಮ್ಮೂರು ನಂಗವಳ್ಳಿಯಿಂದ ಸೇಲಂಗೆ ಬಂದು ಬಸ್ಸು ಬದಲಿಸಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ದಾರಿಯುದ್ದಕ್ಕೂ ಇಳಿದು ವಾಪಸು ಹೋಗೋಣ ಅನ್ನಿಸುತ್ತಿತ್ತು.

ಅಣ್ಣ ನನ್ನ ಕೈ ಹಿಡಿದುಕೊಂಡ. "ಪಳನಿ, ನಿಜ ಏಳ್ಲಾ. ಅವತ್ತು ನೀ ತಟ್ದೆ, ನಂಗೇ ಗೊತ್ತಾಗ್ನಿಲ್ಲ, ಅಲ್ವಾ? ಆ ಮನ್ಸನ್ನ ನಾನೇ ಕೊಂದೆ, ಅಲ್ವಾ? ಇಪ್ಪತ್ತೆಂಟು ವರ್ಸ ಆತು, ಕಣ್ಣು ಮುಚ್ಚಿದ್ರೆ ನಿದ್ದೆ ಬರಲ್ಲ ಕಣ್ಲಾ."

ತಲೆಯಾಡಿಸಿದ್ದರೆ ಮುಗಿದೇ ಹೋಗುತ್ತಿತ್ತು. ನನ್ನಿಂದ ಆಗಲಿಲ್ಲ. ಇಲ್ಲ, ತಟ್ಟಲಿಲ್ಲ ಎಂದು ಕೈ ಅಲ್ಲಾಡಿಸಿದೆ.

ಅವನ ಕಣ್ಣು ತುಂಬಿ ಬಂತು. ಆಮೇಲೆ ಕೆನ್ನೆಗೆ ಕೈಯಿಟ್ಟು ಮಲಗಿದಂತೆ ಮಾಡಿ ತೋರಿಸಿದ. "ನಿದ್ದೆ ಬಂದಿತ್ತಾ?"

ದೇವರಾಣೆ, ಬೇಕಂತಲೇ ತಟ್ಟಲಿಲ್ಲ ಎಂಬ ನಿಜ ನಾಲಿಗೆ ತುದಿಗೆ ಬಂದಿತ್ತು. ಆದರೆ ಹೂಂ ಎಂದು ತಲೆಯಾಡಿಸಿದೆ.

"ಪರವಾಯಿಲ್ಲೆ ಬುಡ್ಲಾ. ಒಂದೇ ಸಮ ಕಲ್ಲಿದ್ದಲು ಎತ್ತಾಕಿ ಎತ್ತಾಕಿ ಸೋತೋಗಿದ್ದೆ ನೀನು." ಒಳಗಿದ್ದ ಹೆಂಡತಿಯನ್ನು ಜೋರಾಗಿ ಕೂಗಿದ. "ಲೇ ಮುನಿಶಾಮಿ, ನನ್ ತಪ್ಪಲ್ವಂತೆ ಕಣೇ! ಪಾಪ, ಇವನು ಕಣ್ಣು ಮುಚ್ಬುಟ್ಟಿದ್ನಂತೆ. ಇವನಿಗೆ ಕಾಪಿ ಕೊಡು."

ಕಾಫಿ ಕುಡಿದೆ.

ಎಂಟನೇ ದಿನ ಅಣ್ಣ ಹೋದ. ಮಣ್ಣು ಮಾಡಿ ಬಂದ ಮೇಲೆ ಮುನಿಶಾಮಮ್ಮ ಎಲ್ಲರೆದುರು ನನಗೆ ಕೈ ಮುಗಿದಳು. "ಬೇರೆ ಯಾರಾದ್ರೂ ಆಗಿದ್ರೆ ಒಪ್ಕೊಂತಿರ್ನಿಲ್ಲ. ನೀನು ನಿಜ ಏಳ್ದೆ, ಅವ್ರು ನೆಮ್ಮದಿಯಾಗಿ ಪ್ರಾಣ ಬುಟ್ರು ಕಣಪ್ಪಾ" ಅಂದಳು. ಥೂ, ನನ್ನ ಜನ್ಮಕ್ಕೆ! ಆ ಕೈಗಳನ್ನು ಹಿಡಿದು ಕೆಳಗಿಳಿಸುವ ಧೈರ್ಯವೂ ನನಗೆ ಬರಲಿಲ್ಲ.