ಗೌರಿ ಹೆದರಿದ ಮಿಷನ್ನು

ಕೆರಗೋಡಿನ ಮಂಗಳಮ್ಮನವರ ಹಸು ಗೌರಿ ಮೂರು ದಿನದಿಂದ ಮೇವಿಗೆ ಬಾಯಿಯೇ ಹಾಕಿರಲಿಲ್ಲ. ಮೇವು ಕತ್ತರಿಸುವ ಮಿಷನ್ನಿಗೆ ಮೂತಿ ತಾಕಿದ್ದೇ ತಡ, ಬೆಚ್ಚಿ ಹಿಂದೆ ಸರಿಯುತ್ತಿತ್ತು. ಅವರ ಗಂಡ ಮಾದಯ್ಯ ಸುಮ್ಮನಿರುವ ಆಸಾಮಿಯೇ? ದೃಷ್ಟಿಯಾಗಿದೆ ಎಂದು ಮಿಷನ್ನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಗೌರಿ ಅದನ್ನೂ ನಂಬಲಿಲ್ಲ.

ಪಕ್ಕದ ಮನೆಯ ದೀಪಿಕ ಮಂಡ್ಯದಲ್ಲಿ ಐಟಿಐ ಓದಿ, ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್. ವಿಷಯ ಕಿವಿಗೆ ಬಿದ್ದದ್ದೇ ಓಡಿ ಬಂದಳು.

“ದೊಡ್ಡವ್ವ, ಮಿಸನ್ ಮುಟ್ಬೇಡಿ! ಮೊದ್ಲು ಮೇನ್ ಆಫ್ ಮಾಡ್ತೀನಿ.”

“ನನ್ ಕೈಗೂ ಒಂದೀಟು ಜುಮ್ ಅಂತಿತ್ತು ಕಣವ್ವ. ವಯಸ್ಸಾಯ್ತಲ್ಲ, ಅದ್ಕೇ ಅಂದ್ಕೊಂಡೆ,” ಎಂದರು ಮಂಗಳಮ್ಮ. “ನಮ್ಮನೇಲಿ ಅರ್ತಿಂಗ್ ಐತಲ್ಲ? ಗುಂಡಿಗೆ ದಿನಾ ಒಂದು ಬಿಂದ್ಗೆ ನೀರು ಉಯ್ತೀನಿ.”

ಪಾಪ, ನಿಜವೇ. ಗುಂಡಿಯ ಪಕ್ಕದಲ್ಲಿ ಕನಕಾಂಬರ ಕೂಡ ಮೈತುಂಬ ಹೂ ಬಿಟ್ಟಿತ್ತು. ದೀಪಿಕ ಮೇನ್ ಆಫ್ ಮಾಡಿ, ಗುಂಡಿಯಿಂದ ಮಿಷನ್ನಿನವರೆಗೆ ವೈರು ಹಿಡಿದು ನೋಡುತ್ತ ಬಂದಳು. ಸಣಕಲು ವೈರು, ನಡುವೆ ಸುಟ್ಟು ತುಂಡಾಗಿತ್ತು.

“ದೊಡ್ಡಪ್ಪ, ಓದ್ ತಿಂಗ್ಳು ತ್ರೀಫೇಸ್ ಆಕ್ಸಿದ್ರಲ್ಲ, ಲೈನಿಗೆ ಯಾವ ವೈರು ಎಳೆಸಿದ್ರಿ?”

“ಆರು ಸ್ಕ್ವೇರ್ ಎಂಎಂ ದಪ್ಪ! ಒಳ್ಳೇ ತಾಮ್ರದ್ದು.” ಮಾದಯ್ಯ ಎದೆಯುಬ್ಬಿಸಿದರು.

“ಅರ್ತಿಗೆ?”

“ಅಳೇದೇ ಇತ್ತಲ್ಲ, ಒಂದೂವರೆ. ಕರೆಂಟು ಬರೋ ವೈರಿಗೆ ದಪ್ಪ ಬೇಕು ಕಣವ್ವ. ಮಣ್ಣಿಗೋಗೋದ್ಕೆ ಯಾಕೆ? ದಂಡ!”

“ಸರಿ. ಗದ್ದೆಗೆ ನೀರು ಬರೋ ಕಾಲ್ವೆ ಅಗಲ ಮಾಡಿ, ನೀರು ಓಗೋ ಬಸಿಗಾಲ್ವೆ ಬೆರಳಗಲಾನೇ ಬುಟ್ರೆ?”

“ಬದು ಒಡ್ಕೊಂಡು ಗದ್ದೆಯೆಲ್ಲ…” ಮಾದಯ್ಯನವರ ಕಣ್ಣು ಸುಟ್ಟ ವೈರಿನ ಕಡೆ ಹೊರಳಿತು.

“ಇಲ್ಲಾಗಿರೋದೂ ಅದೇ. ಮೋಟ್ರಲ್ಲಿ ಕರೆಂಟು ಸೋರ್ದಾಗ, ಫ್ಯೂಸ್ ಓಗೋದ್ರೊಳ್ಗೆ ಈ ವೈರೇ ಸುಟ್ಟೋಗದೆ. ಈಗ ಸೋರೋದೆಲ್ಲ ಮಿಸನ್ ಮೈಮೇಲೇ ನಿಂತದೆ. ದಿನಾ ಬೆಳಗ್ಗೆ ಒದ್ದೆ ನೆಲದ ಮೇಲೆ, ಬರಿಗಾಲಲ್ಲಿ ನಿಂತು ಇದ್ನ ಮುಟ್ಟೋರು ಯಾರು, ದೊಡ್ಡಪ್ಪ?”

ಮಾದಯ್ಯ ಹೆಂಡತಿಯ ಕಡೆ ನೋಡಿದರು. ಈಗ ಮಾದಯ್ಯನವರಿಗೇ ನಿಜಕ್ಕೂ ಭಯವಾಯಿತು. “ಎಷ್ಟು ದಪ್ಪ ಆಕ್ಬೇಕವ್ವ?” ಎಂದರು ಮೆಲ್ಲಗೆ.

“ಲೈನು ಅದಿನಾರು ಸ್ಕ್ವೇರ್‌ವರ್ಗೂ ಇದ್ರೆ ಅರ್ತ್ ವೈರೂ ಅಷ್ಟೇ ದಪ್ಪ. ಎರಡೂ ತಾಮ್ರದ್ದಾದ್ರೆ ಈ ಲೆಕ್ಕ. ನಿಮ್ ಲೈನು ಆರು, ಅರ್ತೂ ಆರು. ಲೈನು ದಪ್ಪ ಮಾಡ್ಸಿದಾಗೆಲ್ಲ ಅರ್ತೂ ನೋಡ್ಬೇಕು.”

“ಈಗ್ಲೇ ಆಕ್ಬುಡು ಮತ್ತೆ!”

ಸಂಜೆಯೊಳಗೆ ಮೋಟಾರು ರಿಪೇರಿಯಾಯಿತು. ದಪ್ಪನೆಯ ಹಸಿರು ವೈರು ಗುಂಡಿ ಸೇರಿತು. ಕರೆಂಟು ಸೋರಿದರೆ ತಟ್ಟನೆ ಆಫ್ ಆಗುವ ಸ್ವಿಚ್ಚೂ ಬಂತು. ದೀಪಿಕ ಮೀಟರ್ ಇಟ್ಟು ಪರೀಕ್ಷಿಸಿ ಸೈ ಎಂದಮೇಲೆ ಗೌರಿಯನ್ನು ಬಿಟ್ಟರು. ಅದು ಅಳುಕುತ್ತಲೇ ಮೂತಿ ತಾಗಿಸಿತು, ಏನೂ ಆಗಲಿಲ್ಲ. ಮೊದಲು ಬಾಯಿಗೆ ಹಾಕಿಕೊಂಡದ್ದು ಮಾದಯ್ಯ ಕಟ್ಟಿದ್ದ ನಿಂಬೆಹಣ್ಣನ್ನೇ. ಮಂಗಳಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಗೂ ಹೊಸ ಮೋಟಾರು, ಗೀಸರು, ದಪ್ಪ ಲೈನು ಬಂದಿದೆಯೇ? ಹಾಗಾದರೆ ಲೈಸೆನ್ಸ್ ಇರುವವರನ್ನು ಕರೆಸಿ, “ನಮ್ಮ ಅರ್ತ್ ವೈರು ಇದಕ್ಕೆ ಸಾಲುತ್ತದೆಯೇ?” ಎಂದು ಇವತ್ತೇ ಕೇಳಿ. ಯಾವುದನ್ನಾದರೂ ಮುಟ್ಟಿದಾಗ ಜುಮ್ಮೆಂದರೆ ಮೇನ್ ಆಫ್ ಮಾಡಿ. ನೀವೇ ಬಿಚ್ಚಲು ಹೋಗಬೇಡಿ. ಮಂಗಳಮ್ಮನವರಿಗೆ ಗೌರಿ ಮೊದಲೇ ಹೇಳಿತು. ಎಲ್ಲರ ಮನೆಯಲ್ಲೂ ಮೊದಲು ಮುಟ್ಟುವುದು ಹಸುವೇ ಆಗಿರುವುದಿಲ್ಲ.