ಹುಲ್ಲಿನ ರಸ

ಬಾಡಿಗೆಗೆ ತಂದ ಕುರ್ಚಿಗಳನ್ನು ಫ್ರಿಜ್ಜಿಗೆ ಒರಗಿಸಿ ಪೇರಿಸಿದ್ದರು. ಸಹಾಯಕಿ ಅವನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿ, ತುದಿಗಾಲಲ್ಲಿ ನಿಂತು, ಫ್ರಿಜ್ಜಿನ ಮೇಲೆ ಗೋಡೆಯ ಕಡೆಗೆ ಕೈ ಚಾಚಿದಳು. ಆ ಜಾಗ ಸದಾ ಬೆಚ್ಚಗಿರುತ್ತದೆಂದು ಸಾರೇ ಆರಿಸಿದ್ದು. ಬೆರಳಿಗೆ ಗಾಜು ತಗಲಿತು. ಅಂಟಂಟಾಗಿತ್ತು.

ಮುಂದಿನ ಕೋಣೆಯಲ್ಲಿ ಸಾರ್ ಮಲಗಿದ್ದರು, ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿತ್ತು. ಅವರ ಭಾವಮೈದ ಬಂದವರಿಗೆಲ್ಲ ಒಂದೇ ವಿವರವನ್ನು ಒಂದೇ ದನಿಯಲ್ಲಿ ಹೇಳುತ್ತಿದ್ದ: ಮಿದುಳಿನಲ್ಲಿ ರಕ್ತಸ್ರಾವ, ಐದು ವಾರ ಆಸ್ಪತ್ರೆ, ಕೊನೆಯವರೆಗೂ ಒಂದು ಮಾತಿಲ್ಲ. ಕೇಳಿದವರು ತಲೆಯಾಡಿಸಿ ಕುರ್ಚಿ ಹುಡುಕುತ್ತಿದ್ದರು.

ಅವಳು ಸೀಸೆಯನ್ನು ಕೆಳಗಿಳಿಸಿ ಅಡುಗೆಮನೆಯ ಬೆಳಕಿಗೆ ಹಿಡಿದಳು. ಕಡುಕಂದು ಬಣ್ಣದ್ದಿರಬೇಕಾದದ್ದು ನೀರು ಬೆರೆಸಿದ ಹಾಲಿನಂತಿತ್ತು. ನೊರೆ ಉಕ್ಕಿ ಬಾಯಿಗೆ ತುರುಕಿದ್ದ ಹತ್ತಿ ತೊಯ್ದಿತ್ತು.

ಹೊಲದಲ್ಲಿ ಸುಟ್ಟು ಹೋಗುವ ಹುಲ್ಲಿನ ರಸವನ್ನು ಯೀಸ್ಟಿನಿಂದ ಹುಳಿಸಿ ಇಂಧನ ತೆಗೆಯುವ ಕಾರ್ಖಾನೆಯಲ್ಲಿ ಅವರಿಬ್ಬರಿಗೂ ಕೆಲಸವಿತ್ತು. ಅದು ಮುಚ್ಚಿ ವರ್ಷವಾಗಿತ್ತು. ಬೀಗ ಹಾಕಿದವರು ಪ್ರಯೋಗಾಲಯದ ಕರೆಂಟನ್ನೂ ಕಿತ್ತಿದ್ದರಿಂದ ಶೈತ್ಯಪೆಟ್ಟಿಗೆಯಲ್ಲಿಟ್ಟಿದ್ದ ಯೀಸ್ಟೆಲ್ಲ ಸತ್ತುಹೋಗಿತ್ತು. ಸಾರ್ ಮನೆಗೆ ತಂದಿದ್ದ ಈ ಒಂದು ಸೀಸೆ ಉಳಿದಿತ್ತು. ಹೊಳೆಯಾಚೆಯ ಇನ್ನೊಂದು ಕಾರ್ಖಾನೆಯವರು ಯೀಸ್ಟನ್ನು ಕೊಂಡೊಯ್ಯಲು ಒಪ್ಪಿದ್ದರು. ಅದನ್ನು ನೋಡಿಕೊಳ್ಳುವವರೂ ಜೊತೆಗೆ ಬರಲಿ ಎಂದಿದ್ದರು. ಅಂದರೆ ಸಾರ್, ಅವಳು, ಹುಲ್ಲು ಬೇಯಿಸಿ ರಸ ತೆಗೆಯುತ್ತಿದ್ದ ಬಾಯ್ಲರಿನವನು. ನಾಳೆ ಬೆಳಿಗ್ಗೆ ಅವರ ಗಾಡಿ ಬರುವುದಿತ್ತು.

"ಸಿಕ್ತಾ ನನ್ನ ಸವತಿ?" ಸಾರ್ ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಅತ್ತು ಕಣ್ಣು ಊದಿದ್ದರೂ ಆ ಮಾತಿನಲ್ಲಿ ಒಂದಿಷ್ಟು ಗೆಲುವಿತ್ತು. "ನೋಡು ಹೇಗಿದೆ. ಅವರ ಕೈಯಲ್ಲಿ ಯಾವತ್ತಾದ್ರೂ ಹೀಗೆ ಉಕ್ಕಿತ್ತಾ?"

"ಇದಕ್ಕೇನು ಹಾಕ್ತಿದ್ರಿ ಅಮ್ಮಾ?"

"ಸಕ್ಕರೆ. ದಿನಾ ಎರಡು ಚಮಚ. ಆಸ್ಪತ್ರೆಯಿಂದ ಬಂದ ತಕ್ಷಣ, ನಾನು ಕಾಫಿ ಕುಡಿಯೋಕೂ ಮುಂಚೆ. ಒಂದೊಂದು ದಿನ ಬಿಸ್ಕತ್ತಿನ ಪುಡೀನೂ ಹಾಕಿದ್ದೀನಿ."

ಸಿಂಕಿನ ಕೆಳಗೆ ಹುಲ್ಲಿನ ರಸದ ಬಾಟಲಿಗಳು ಮುಚ್ಚಳ ತೆಗೆಯದೆ ಹಾಗೇ ಇದ್ದವು. ಸಹಾಯಕಿ ಅತ್ತ ನೋಡಿದ್ದನ್ನು ಅವರು ಗಮನಿಸಿದರು.

"ಅದರ ವಾಸನೆ ನನಗಾಗಲ್ಲ ಕಣೇ. ಅಲ್ಲಿ ಅವರಿಗೆ ಮೂಗಿನಲ್ಲಿ ನಳಿಕೆ ಹಾಕಿ ಅದೆಂಥದೋ ಗಂಜಿ ಬಿಡ್ತಿದ್ರು. ಇಲ್ಲಿ ಇದಕ್ಕೂ ಆ ಕಷಾಯಾನೇ ಯಾಕೆ? ಮನೇಲಿ ಒಬ್ಬರಾದ್ರೂ ಹೊಟ್ಟೆ ತುಂಬ ತಿನ್ಲಿ ಅಂತ."

*

ಸಹಾಯಕಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾರ್ ಅವಳನ್ನು ಇಂಥದೇ ಒಂದು ಸೀಸೆಯ ಮುಂದೆ ನಿಲ್ಲಿಸಿದ್ದರು. ಕೆಲಸಗಾರರು ಅವರನ್ನು 'ಹುಲ್ಲು ಸಾರ್' ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು; ಅವರಿಗೆ ಬೇಸರವಿರಲಿಲ್ಲ. ಹುಲ್ಲಿನಲ್ಲಿ ಎರಡು ಬಗೆಯ ಸಕ್ಕರೆ ಇದೆ, ಮೊದಲನೆಯದನ್ನು ಯಾವ ಯೀಸ್ಟಾದರೂ ತಿನ್ನುತ್ತದೆ, ಎರಡನೆಯದನ್ನು ಮೂಸಿಯೂ ನೋಡುವುದಿಲ್ಲ ಎಂದು ಅವರು ವಿವರಿಸಿದ್ದರು. ಆ ಎರಡನೆಯದನ್ನು ಬಿಟ್ಟರೆ ಕಾರ್ಖಾನೆಗೆ ಲಾಭವಿಲ್ಲ. ಹಾಗಾಗಿ ಅವರು ಯೀಸ್ಟಿಗೆ ಎರಡನೆಯದನ್ನಷ್ಟೇ ಕೊಟ್ಟು ಹಸಿವಿನಲ್ಲಿಟ್ಟು, ಬದುಕಿದ್ದನ್ನು ಹೊಸ ರಸಕ್ಕೆ ದಾಟಿಸಿ, ಮತ್ತೆ ಬದುಕಿದ್ದನ್ನು ದಾಟಿಸುತ್ತ ತಲೆಗೂದಲು ಬೆಳ್ಳಗಾಗಿಸಿಕೊಂಡಿದ್ದರು.

ರಜೆ ಬಂದಾಗ ಮಾಮೂಲಿ ಸಕ್ಕರೆ ಹಾಕಿ ಹೋಗಬಾರದೇ ಎಂದು ಅವಳು ಕೇಳಿದ್ದಳು.

"ಬೇಡಮ್ಮ. ಇದೂ ನಮ್ಮ ಹಾಗೇ ಸೋಮಾರಿ. ಸುಲಭದ್ದು ಸಿಕ್ಕರೆ ಹುಲ್ಲು ತಿನ್ನೋವು ಹಿಂದೆ ಬೀಳ್ತವೆ, ತಿನ್ನದೇ ಇರೋವು ಮುಂದೆ ಹೋಗ್ತವೆ. ಒಂದು ತಿಂಗಳು ಸಾಕು. ಆಮೇಲೆ ಸೀಸೆ ತುಂಬ ಯೀಸ್ಟ್ ಇರುತ್ತೆ, ನಮ್ಮದು ಒಂದೂ ಇರಲ್ಲ."

ಇದನ್ನು ಅವರು ಪ್ರಯೋಗಾಲಯಕ್ಕೆ ಬಂದವರಿಗೆಲ್ಲ ಹೇಳಿದ್ದರು. ಮನೆಯಲ್ಲಿ ಹೇಳಿರಲಿಲ್ಲ. ಮನೆಯಲ್ಲಿ ಅವರು ಸೋರುವ ನಲ್ಲಿಯ ಬಗ್ಗೆ, ತರಕಾರಿಯ ಬಗ್ಗೆ ಮಾತಾಡುತ್ತಿದ್ದರು. ಸೀಸೆಯ ಬಗ್ಗೆ ಹೆಂಡತಿ ಕೇಳಿದರೆ, "ಅದಕ್ಕೆ ಹಸಿವು ಜಾಸ್ತಿ" ಎಂದು ನಗುತ್ತಿದ್ದರು.

*

ಸಹಾಯಕಿ ಆ ಐದು ವಾರ ಬೇರೆ ಊರಿನಲ್ಲಿ ದಿನಗೂಲಿಗೆ ಔಷಧಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಫೋನ್ ಮಾಡಿದಾಗಲೆಲ್ಲ ಸೀಸೆಯನ್ನು ವಿಚಾರಿಸಿದ್ದಳು. ಸಾರ್ ಅವರ ಹೆಂಡತಿ, ತಪ್ಪದೆ ಹಾಕ್ತಿದ್ದೀನಿ ಎಂದಿದ್ದರು. ಏನು ಹಾಕುತ್ತೀರಿ ಎಂದು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

ಈಗ ಅವಳು ಸೀಸೆಯ ಮೇಲಿನ ನೀರನ್ನು ನಿಧಾನವಾಗಿ ಬಗ್ಗಿಸಿ ಚೆಲ್ಲಿದಳು. ತಳದಲ್ಲಿ ಉಳಿದ ಗಸಿಯನ್ನು ಕುದಿಸಿ ಆರಿಸಿದ ನೀರಿನಿಂದ ತೊಳೆದಳು. ಅದರಲ್ಲಿ ಅರ್ಧವನ್ನು ಸಣ್ಣ ಶೀಷೆಗೆ ಹಾಕಿ, ಸಿಂಕಿನ ಕೆಳಗಿನ ಬಾಟಲಿಯಿಂದ ಎರಡನೇ ಸಕ್ಕರೆ ಮಾತ್ರ ಇರುವ ರಸ ತುಂಬಿ, ಬಾಯಿಗೆ ಹತ್ತಿ ತುರುಕಿದಳು. ತಿನ್ನುವ ಮನಸ್ಸಿದ್ದರೆ ಸಂಜೆಯೊಳಗೆ ಗುಳ್ಳೆ ಏಳಬೇಕು. ಶೀಷೆ ಬೆಚ್ಚಗಿರಬೇಕೆಂದು ಶಾಲಿನೊಳಗೆ ಮೈಗೆ ಒತ್ತಿ ಹಿಡಿದು ಸ್ಮಶಾನಕ್ಕೂ ಒಯ್ದಳು.

ಕಾರ್ಖಾನೆಯ ಕಡೆಯಿಂದ ಬಂದವನು ಬಾಯ್ಲರಿನವನೊಬ್ಬನೇ. ಅಂಗಿಗೆ ಇಸ್ತ್ರಿ ಹಾಕಿಸಿದ್ದ. ಹೂಳಲು ತೋಡಿದ ಗುಂಡಿಯ ಪಕ್ಕ ನಿಂತು, ಹೊಳೆಯಾಚೆ ಮನೆ ನೋಡಿಟ್ಟು ಬಂದೆ, ಮುಂಗಡ ಬೇಡ ಎಂದರು, ಸಾರ್ ಇದ್ದಿದ್ದರೆ ಪಕ್ಕದ್ದೇ ಅವರಿಗೆ ಎಂದು ಪಿಸುದನಿಯಲ್ಲಿ ಹೇಳುತ್ತಿದ್ದ. ಹೇಳುತ್ತಲೇ ಅವಳ ಶಾಲಿನತ್ತ ನೋಡಿದ.

"ಏನಾಯ್ತು?"

ಅವಳು ಹೇಳಿದಳು. ಅವನು ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ ಬಂದು, ಕೈ ಝಾಡಿಸಿಕೊಂಡ.

"ಎಲ್ಲಾದ್ರೂ ಒಂದೆರಡು ಉಳಿದಿರಬಹುದಲ್ವಾ?"

"ಉಳಿದಿರಬಹುದು."

"ಹುಡುಕೋಕಾಗಲ್ವಾ?"

ಪ್ರಯೋಗಾಲಯವೊಂದು, ವರ್ಷಗಟ್ಟಲೆ ಸಮಯ, ಮತ್ತೆ ಅಂಥ ಮನುಷ್ಯ ಬೇಕು ಎಂದಳು. ಅವನು ಗುಂಡಿಯ ಕಡೆ ನೋಡಿದ.

ಹೊತ್ತು ಮುಳುಗುವಾಗ ಕುರ್ಚಿಯವನು ಬಂದು ಕುರ್ಚಿಗಳನ್ನು ಗಾಡಿಗೆ ಹೇರುತ್ತಿದ್ದ. ಭಾವಮೈದ ಮೂಲೆಯಲ್ಲಿ ನಿದ್ದೆ ಹೋಗಿದ್ದ. ಸಹಾಯಕಿ ಹೊರಗೆ ಬೀದಿದೀಪದ ಕೆಳಗೆ ಶೀಷೆಯನ್ನು ಎತ್ತಿ ನೋಡಿದಳು. ಕಂದು ರಸದ ತಳದಲ್ಲಿ ಗಸಿ ಮರಳಿನಂತೆ ಕೂತಿತ್ತು. ಅಲುಗಿಸಿದಳು, ಎದ್ದು, ಮತ್ತೆ ಕೂತಿತು. ಒಂದು ಗುಳ್ಳೆಯೂ ಇರಲಿಲ್ಲ.

ಅವಳು ಹೊಳೆಯಾಚೆಗೆ ಫೋನ್ ಮಾಡಿದಳು. ಗಾಡಿ ಕಳಿಸಬೇಡಿ ಎಂದಳು. ಅತ್ತಲಿನವರು ಕಾರಣ ಕೇಳಿದರು. ಯೀಸ್ಟ್ ಹೋಯಿತು ಎಂದಳು. ಹಾಗಾದರೆ ನೀವು... ಎಂದು ಅವರು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ, ಸಂತಾಪ ಹೇಳಿ ಫೋನ್ ಇಟ್ಟರು. ಬಾಯ್ಲರಿನವನು ಗೇಟಿನ ಬಳಿ ಎಲ್ಲವನ್ನೂ ಕೇಳಿಸಿಕೊಂಡ.

"ಅಮ್ಮನಿಗೆ ಹೇಳ್ತೀಯಾ?" ಎಂದ.

ಅವಳು ಒಳಗೆ ಹೋದಳು. ಸಾರ್ ಅವರ ಹೆಂಡತಿ ಆಗಲೇ ಸೀಸೆಗೆ ಉಗುರುಬೆಚ್ಚಗಿನ ನೀರು ಹಾಕಿದ್ದರು. ಕೈಯಲ್ಲಿ ಚಮಚವಿತ್ತು, ಮುಂದೆ ಸಕ್ಕರೆ ಡಬ್ಬಿ ತೆರೆದಿತ್ತು.

"ನಾಳೆ ಕೊಂಡೊಯ್ತಾರಲ್ಲ, ಅವರಿಗೆ ಸರಿಯಾಗಿ ಹೇಳಿಬಿಡು. ಎರಡೇ ಚಮಚ. ನೀರು ಬಿಸಿ ಇರಬಾರದು." ಒಂದು ಚಮಚ ಹಾಕಿ ಕಲಕಿದರು. "ಇವತ್ತು ಯಾರೂ ಇದಕ್ಕೆ ಏನೂ ಹಾಕಲಿಲ್ಲ ನೋಡು. ಬೆಳಿಗ್ಗೆಯಿಂದ ಹಸಿದಿದೆ."

ಸಹಾಯಕಿ ಬಾಯಿ ತೆರೆದಳು.

"ಶ್," ಎಂದರು ಅವರು. ಸೀಸೆಯನ್ನು ಎತ್ತಿ ಅವಳ ಕಿವಿಗೆ ಹಿಡಿದರು. "ಕೇಳ್ತಿದೆಯಾ? ಅವರೂ ದಿನಾ ಹೀಗೇ ಕೇಳೋರು."

ಬೆಚ್ಚಗಿನ ಗಾಜಿನೊಳಗೆ ಏನೋ ಸಣ್ಣಗೆ ಸಿಡಿಯುತ್ತಿತ್ತು, ಒಂದಾದ ಮೇಲೊಂದು, ಅವಸರವಾಗಿ. ಅವರು ಇನ್ನೊಂದು ಕೈಯಿಂದ ಡಬ್ಬಿಯಿಂದ ಎರಡನೆಯ ಚಮಚ ತುಂಬಿಕೊಳ್ಳುತ್ತಿದ್ದರು.